ಕವಡೆಯ ಗರ, ಹೊಳೆಯ ನೆರೆ: ಸಂಭವನೀಯತೆಯ ಮೊದಲ ಪಾಠಗಳು

ರಾಯಚೂರಿನ ಬೇಸಗೆಯ ಬಿಸಿಲು ನಾಡಿಗೆಲ್ಲ ಹೆಸರಾದದ್ದು. ಮೇ ತಿಂಗಳ ಮಧ್ಯಾಹ್ನ ಅಲ್ಲಿ ಕೆಲಸವಿಲ್ಲದೆ ಬೀದಿಗಿಳಿಯುವವರು ಯಾರೂ ಇಲ್ಲ. ಮನೆಯ ಪಡಸಾಲೆಯಲ್ಲೋ ಗುಡಿಯ ಕಟ್ಟೆಯ ಮೇಲೋ ನೆರಳು ಹಿಡಿದು ಕೂಡುತ್ತಾರೆ. ಅಂಥ ಒಂದು ಮಧ್ಯಾಹ್ನ ಕೋಟೆಯ ಸಮೀಪದ ಓಣಿಯೊಂದರಲ್ಲಿ ನಾಲ್ವರು ಹುಡುಗರು ಚೌಕಾಬಾರ ಆಡುತ್ತಿದ್ದುದನ್ನು ನೋಡುತ್ತ ನಾವು ನಿಂತೆವು. ಆಟ ಎಲ್ಲರೂ ಬಲ್ಲದ್ದೇ. ನಾಲ್ಕು ಕವಡೆಗಳನ್ನು ಒಟ್ಟಿಗೆ ಎಸೆಯಬೇಕು. ಎಷ್ಟು ಕವಡೆ ಅಂಗಾತ ಬೀಳುವುವೋ, ಎಂದರೆ ಬಾಯಿ ಮೇಲಾಗಿ ಬೀಳುವುವೋ, ಅಷ್ಟು ಗರ. ನಾಲ್ಕೂ ಅಂಗಾತವಾದರೆ ನಾಲ್ಕು. ನಾಲ್ಕೂ ಬೋರಲಾಗಿ ಬಿದ್ದರೆ ಎಂಟು. ಹೀಗೆ ಒಂದು, ಎರಡು, ಮೂರು, ನಾಲ್ಕು, ಎಂಟು ಎಂದು ಒಟ್ಟು ಐದು ಗರಗಳು.

ಒಬ್ಬ ಹುಡುಗನಿಗೆ ಎಂಟು ಬೇಕಾಗಿತ್ತು, ಬೀಳಲಿಲ್ಲ. ಕೊನೆಗೆ ಅವನು ಕವಡೆಗಳನ್ನು ನೆಲಕ್ಕೆ ಕುಕ್ಕಿ, ಅವುಗಳ ಒಡೆಯನಾದ ದೊಡ್ಡ ಹುಡುಗನ ಕಡೆ ತಿರುಗಿ, “ಐದು ಗರ ಅದಾವ, ಐದರಾಗ ಒಂದ್ಸಲ ಎಂಟು ಬೀಳಬೇಕು. ಹದಿನೈದು ಸಲ ಒಗದೆ, ಒಂದೂ ಬೀಳ್ಲಿಲ್ಲ. ನಿನ್ನ ಕವಡಿ ಮೋಸದವು, ಅಣ್ಣಾ!” ಎಂದ. ಜಗಳ ಹತ್ತಿತು, ಆಟ ಅಲ್ಲಿಗೆ ನಿಂತಿತು.

ಹುಡುಗನ ಆಪಾದನೆ ಸರಿಯೇ, ತಪ್ಪೇ? ಈ ಪ್ರಶ್ನೆಗೆ ಉತ್ತರ ಹೇಳಬಲ್ಲ ಶಾಸ್ತ್ರವೊಂದಿದೆ. ಅದಕ್ಕೆ ಸಂಭವನೀಯತೆಯ ಗಣಿತವೆಂದು ಹೆಸರು. ಕವಡೆಯ ಜಗಳವನ್ನು ತೀರಿಸುವ ಅದೇ ಶಾಸ್ತ್ರವು ಮಾನ್ವಿಯ ಒಕ್ಕಲಿಗನ ಬಿತ್ತನೆಗೂ ದೇವದುರ್ಗದ ಹೊಳೆದಂಡೆಯ ಮನೆಗಳಿಗೂ ಸಂಬಂಧಪಟ್ಟದ್ದೆಂಬುದನ್ನು ಈ ಲೇಖನದಲ್ಲಿ ತೋರಿಸಲು ಪ್ರಯತ್ನಿಸುತ್ತೇವೆ. ಇದಕ್ಕೆ ಬೇಕಾದ ಸಾಮಗ್ರಿ ಭಿನ್ನರಾಶಿಯ ಗುಣಾಕಾರವೊಂದೇ. ಆದಕಾರಣ ಓದುಗರು ಇದನ್ನು ಮಾಧ್ಯಮಿಕ ಶಾಲೆಯಲ್ಲಿರುವ ತಮ್ಮ ತಂಗಿಯರಿಗೂ ಹೇಳಿಕೊಡಬಹುದು.

ಎಣಿಕೆಯೇ ಮೊದಲು

ನಾಣ್ಯವೊಂದನ್ನು ಚಿಮ್ಮಿದರೆ ಸಿಂಹದ ಬದಿ ಮೇಲಾಗಬಹುದು, ಇಲ್ಲವೆ ಅಂಕಿಯ ಬದಿ ಮೇಲಾಗಬಹುದು. ಎರಡರಲ್ಲಿ ಯಾವುದಕ್ಕೂ ಹೆಚ್ಚಿನ ಒಲವಿಲ್ಲವೆಂದು ಭಾವಿಸಿದರೆ, ಸಿಂಹ ಬೀಳುವ ಸಂಭವನೀಯತೆ ೧/೨ ಎನ್ನುತ್ತೇವೆ. ಸಾಮಾನ್ಯವಾಗಿ ಹೇಳುವುದಾದರೆ, ಸಮಾನವಾಗಿ ಒದಗಬಲ್ಲ ಒಟ್ಟು ರೀತಿಗಳೆಷ್ಟು, ಅವುಗಳಲ್ಲಿ ನಮಗೆ ಬೇಕಾದವು ಎಷ್ಟು ಎಂದು ಎಣಿಸಿ, ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಬರುವ ಭಿನ್ನರಾಶಿಯೇ ಸಂಭವನೀಯತೆ. ಎಂದಿಗೂ ಆಗದ ಘಟನೆಯ ಸಂಭವನೀಯತೆ ಸೊನ್ನೆ; ಆಗಿಯೇ ತೀರುವುದರದು ಒಂದು. ಉಳಿದೆಲ್ಲವೂ ಇವೆರಡರ ನಡುವೆ ಬರುತ್ತವೆ.

ಈ ವಿವರಣೆಯಲ್ಲಿ ‘ಸಮಾನವಾಗಿ ಒದಗಬಲ್ಲ’ ಎಂಬ ಮಾತೇ ಮುಖ್ಯವಾದುದು. ರಾಯಚೂರಿನ ಹುಡುಗ ಎಡವಿದ್ದು ಅಲ್ಲಿಯೇ. ಗರಗಳು ಐದಿರುವುದು ನಿಜ. ಆದರೆ ಐದೂ ಸಮಾನವಾಗಿ ಒದಗುವುದಿಲ್ಲ. ಸದ್ಯಕ್ಕೆ ಕವಡೆಯನ್ನು ನಾಣ್ಯದಂತೆ ಎರಡು ಬದಿಗೂ ಸಮನಾದ ವಸ್ತುವೆಂದು ಇಟ್ಟುಕೊಳ್ಳೋಣ. ಮೊದಲನೆಯ ಕವಡೆ ಎರಡು ರೀತಿ ಬೀಳಬಹುದು. ಅದು ಹೇಗೆ ಬಿದ್ದರೂ ಎರಡನೆಯದು ಮತ್ತೆ ಎರಡು ರೀತಿ. ಮೂರನೆಯದು ಎರಡು, ನಾಲ್ಕನೆಯದು ಎರಡು. ಒಟ್ಟು ೨ × ೨ × ೨ × ೨ = ೧೬ ರೀತಿಗಳು. ಇವನ್ನು ಒಂದು ಹಾಳೆಯ ಮೇಲೆ ಬರೆದು ವಿಂಗಡಿಸಿದರೆ ಹೀಗಾಗುತ್ತದೆ:

ಒಂದು ಬೀಳುವ ರೀತಿಗಳು ೪
ಎರಡು ಬೀಳುವ ರೀತಿಗಳು ೬
ಮೂರು ಬೀಳುವ ರೀತಿಗಳು ೪
ನಾಲ್ಕು ಬೀಳುವ ರೀತಿ ೧
ಎಂಟು ಬೀಳುವ ರೀತಿ ೧

ಎಂಟು ಬೀಳುವ ಸಂಭವನೀಯತೆ ಹುಡುಗ ತಿಳಿದಂತೆ ೧/೫ ಅಲ್ಲ, ೧/೧೬. ಎರಡು ಬೀಳುವುದು ಎಂಟು ಬೀಳುವುದಕ್ಕಿಂತ ಆರು ಪಾಲು ಸುಲಭ. ಆ ಹುಡುಗ ಈ ತಪ್ಪಿಗಾಗಿ ನಾಚಬೇಕಾದುದಿಲ್ಲ. ಫ್ರಾನ್ಸಿನ ಪ್ರಸಿದ್ಧ ಗಣಿತಜ್ಞ ದಲಂಬೇರನೇ ೧೭೫೪ರಲ್ಲಿ ಪ್ರಕಟವಾದ ವಿಶ್ವಕೋಶದ ಲೇಖನದಲ್ಲಿ ಇಂಥದೇ ತಪ್ಪು ಮಾಡಿದ. ನಾಣ್ಯವನ್ನು ಎರಡು ಬಾರಿ ಚಿಮ್ಮಿದಾಗ ಒಮ್ಮೆಯಾದರೂ ಬೇಕಾದ ಮುಖ ಬೀಳುವ ಸಂಭವನೀಯತೆ ೩/೪. ಮೊದಲ ಬಾರಿಗೇ ಅದು ಬಿದ್ದರೆ ಆಟ ಮುಗಿಯಿತಲ್ಲವೆ, ಹಾಗಾಗಿ ಇರುವುದು ಮೂರೇ ಪ್ರಸಂಗ ಎಂದು ವಾದಿಸಿ ಅವನು ಉತ್ತರವನ್ನು ೨/೩ ಎಂದ. ಪ್ರಸಂಗಗಳನ್ನು ಎಣಿಸಿದ, ಅವು ಸಮಾನವೇ ಎಂದು ಕೇಳಲಿಲ್ಲ.

ಎಣಿಕೆಯ ಈ ವಿದ್ಯೆ ನಮ್ಮ ಸೀಮೆಗೆ ಹೊಸದಲ್ಲ. ರಾಯಚೂರಿಗೆ ಉತ್ತರದಲ್ಲಿ, ಈಗಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿರುವ ಮಳಖೇಡವು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದ ಕಾಲದಲ್ಲಿ, ಅಮೋಘವರ್ಷ ನೃಪತುಂಗನ ಆಳಿಕೆಯಲ್ಲಿ, ಮಹಾವೀರಾಚಾರ್ಯನೆಂಬ ಗಣಿತಜ್ಞ ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ಬರೆದ. ಅದು ಕ್ರಿಸ್ತಶಕ ಒಂಬತ್ತನೆಯ ಶತಮಾನದ ಮಾತು. ಹಲವು ವಸ್ತುಗಳಲ್ಲಿ ಕೆಲವನ್ನು ಎಷ್ಟು ರೀತಿಯಲ್ಲಿ ಆರಿಸಬಹುದೆಂಬುದಕ್ಕೆ ಅವನು ಅಲ್ಲಿ ಸಾಮಾನ್ಯಸೂತ್ರವನ್ನು ಕೊಟ್ಟಿದ್ದಾನೆ. ಆರು ರಸಗಳಲ್ಲಿ ಎಷ್ಟು ಬಗೆಯ ಮಿಶ್ರಣಗಳಾಗುವುವೆಂಬುದು ಅವನ ಉದಾಹರಣೆಗಳಲ್ಲೊಂದು. ನಾಲ್ಕು ಕವಡೆಗಳಲ್ಲಿ ಅಂಗಾತವಾಗುವ ಎರಡನ್ನು ಆರಿಸುವ ರೀತಿಗಳೆಷ್ಟು? ಆ ಸೂತ್ರದ ಪ್ರಕಾರ ನಾಲ್ಕನ್ನು ಮೂರರಿಂದ ಗುಣಿಸಿ, ಒಂದು ಮತ್ತು ಎರಡರ ಗುಣಲಬ್ಧದಿಂದ ಭಾಗಿಸಬೇಕು: ೧೨ ÷ ೨ = ೬. ನಾವು ಹಾಳೆಯ ಮೇಲೆ ಬರೆದು ಕಂಡುಕೊಂಡ ಆರು ಇದೇ.

ಎಣಿಕೆಯಿಂದ ಸಂಭವನೀಯತೆಗೆ ಹೆಜ್ಜೆಯಿಟ್ಟವರು ಯೂರೋಪಿನವರು. ಹದಿನಾರನೆಯ ಶತಮಾನದಲ್ಲಿ ಇಟಲಿಯ ಕಾರ್ಡಾನೋ ದಾಳಗಳ ವಿಷಯವಾಗಿ ಬರೆದಿದ್ದ. ೧೬೫೪ರಲ್ಲಿ, ಅರ್ಧಕ್ಕೆ ನಿಂತ ಜೂಜಿನ ಪಣವನ್ನು ಆಟಗಾರರಿಗೆ ಹೇಗೆ ಹಂಚಬೇಕೆಂಬ ಪ್ರಶ್ನೆಯನ್ನು ಕುರಿತು ಪಾಸ್ಕಲ್ ಮತ್ತು ಫರ್ಮಾ ಪರಸ್ಪರ ಬರೆದ ಪತ್ರಗಳಿಂದ ಈ ಶಾಸ್ತ್ರಕ್ಕೆ ಭದ್ರವಾದ ತಳಹದಿ ಸಿಕ್ಕಿತು.

ಕವಡೆಯು ನಾಣ್ಯವಲ್ಲ

ಓದುಗರಲ್ಲಿ ಜಾಣರು ಈಗಾಗಲೇ ಆಕ್ಷೇಪವೆತ್ತಿರಬೇಕು. ಕವಡೆಯ ಬೆನ್ನು ಉಬ್ಬು. ಬಾಯಿಯ ಕಡೆ ಚಪ್ಪಟೆ. ಅದು ಎರಡು ಬದಿಗೂ ಸಮನಾಗಿ ಬೀಳುತ್ತದೆಂದು ನಂಬುವುದು ಹೇಗೆ? ಆಕ್ಷೇಪ ಯುಕ್ತವಾದದ್ದೇ. ಒಂದು ಬದಿಯನ್ನು ತೇಯ್ದ ಹುಣಸೆಬೀಜಗಳಿಂದ ಆಡುವವರಿಗೂ ಇದೇ ಸಂದೇಹ ಬರಬೇಕು. ಇಲ್ಲಿ ಬರಿಯ ಯೋಚನೆಯಿಂದ ಉತ್ತರ ಸಿಗದು, ಎಸೆದು ನೋಡಬೇಕು. ಒಂದು ಕವಡೆಯನ್ನು ೨೦೦ ಬಾರಿ ಎಸೆದಾಗ ಅದು ೧೨೦ ಬಾರಿ ಅಂಗಾತ ಬಿದ್ದಿತೆಂದು ಇಟ್ಟುಕೊಳ್ಳಿ. ಆಗ ಅಂಗಾತ ಬೀಳುವ ಸಂಭವನೀಯತೆ ಸುಮಾರು ೧೨೦/೨೦೦, ಎಂದರೆ ೩/೫ ಎನ್ನಬಹುದು. ಬೋರಲು ಬೀಳುವುದು ೨/೫. ಮೊದಲನೆಯ ಬಗೆಯ ಸಂಭವನೀಯತೆ ಎಣಿಕೆಯಿಂದ ಬಂದದ್ದು. ಇದು ಅನುಭವದಿಂದ ಬಂದದ್ದು.

ನಾಲ್ಕು ಕವಡೆಗಳೂ ಇಂಥವೇ ಆಗಿದ್ದರೆ ಎಂಟು ಬೀಳಲು ನಾಲ್ಕೂ ಬೋರಲಾಗಬೇಕು. ಒಂದು ಕವಡೆಯ ಬೀಳುವಿಕೆ ಇನ್ನೊಂದನ್ನು ಅವಲಂಬಿಸಿಲ್ಲ. ಇಂಥ ಘಟನೆಗಳಿಗೆ ಸ್ವತಂತ್ರ ಘಟನೆಗಳೆಂದು ಹೆಸರು. ಸ್ವತಂತ್ರ ಘಟನೆಗಳೆಲ್ಲವೂ ಒಟ್ಟಿಗೆ ಆಗುವ ಸಂಭವನೀಯತೆಯನ್ನು ಗುಣಾಕಾರದಿಂದ ಪಡೆಯುತ್ತೇವೆ. ೨/೫ನ್ನು ನಾಲ್ಕು ಸಲ ಗುಣಿಸಿದರೆ ೧೬/೬೨೫. ಎಂದರೆ ಸಾವಿರ ಎಸೆತಗಳಲ್ಲಿ ಇಪ್ಪತ್ತೈದು ಇಪ್ಪತ್ತಾರು ಬಾರಿ. ನಾಲ್ಕು ಬೀಳುವುದಾದರೋ ೮೧/೬೨೫. ನಾಲ್ಕು ಬಿದ್ದಷ್ಟು ಬಾರಿಯ ಐದನೆಯ ಒಂದು ಪಾಲು ಮಾತ್ರ ಎಂಟು ಬೀಳುತ್ತದೆ. ದೊಡ್ಡ ಗರಕ್ಕೆ ಎಂಟನ್ನೇ ಆರಿಸಿದ ನಮ್ಮ ಹಿರಿಯರ ಕವಡೆಗಳು ಹೀಗೆಯೇ ವಾಲುತ್ತಿದ್ದವೋ ಏನೋ. ಓದುಗರು ತಮ್ಮ ಮನೆಯ ಕವಡೆಗಳನ್ನು ಪರೀಕ್ಷಿಸಿ ನೋಡಬಹುದು.

ಈಗ ಜಗಳಕ್ಕೆ ಬರೋಣ. ಹುಡುಗ ಹದಿನೈದು ಬಾರಿ ಎಸೆದ, ಎಂಟು ಬೀಳಲಿಲ್ಲ. ಅವನು ನಂಬಿದಂತೆ ಎಂಟರ ಸಂಭವನೀಯತೆ ೧/೫ ಆಗಿದ್ದರೆ, ಒಂದು ಎಸೆತದಲ್ಲಿ ಅದು ಬೀಳದಿರುವ ಸಂಭವನೀಯತೆ ೪/೫. ಅದನ್ನು ಹದಿನೈದು ಸಲ ಗುಣಿಸಿದರೆ ಸುಮಾರು ೦.೦೩೫, ನೂರರಲ್ಲಿ ಮೂರು ನಾಲ್ಕು ಸಲ ಆಗಬಹುದಾದದ್ದು. ಅಷ್ಟು ಅಪರೂಪವಾದದ್ದು ನಡೆದಾಗ ಸಂದೇಹ ಬರುವುದು ಸಹಜವೇ. ಆದರೆ ನಿಜವಾದ ಸಂಭವನೀಯತೆ ೧/೧೬ ಆದರೆ, ೧೫/೧೬ನ್ನು ಹದಿನೈದು ಸಲ ಗುಣಿಸಿದಾಗ ಬರುವುದು ೦.೩೮. ವಾಲುವ ಕವಡೆಗಳಾದರೆ ಸುಮಾರು ೦.೬೮. ಅರ್ಥಾತ್ ಹದಿನೈದು ಎಸೆತಗಳಲ್ಲಿ ಒಂದೂ ಎಂಟು ಬೀಳದಿರುವುದು ತೀರ ಸಾಮಾನ್ಯವಾದ ಸಂಗತಿ. ಹುಡುಗನ ತರ್ಕ ನೇರವಾಗಿಯೇ ಇತ್ತು. ಅವನ ಮೊದಲ ಅಂಕಿ ತಪ್ಪಿತ್ತು. ಆ ಒಂದು ತಪ್ಪಿನಿಂದ ನಿರಪರಾಧಿಯೊಬ್ಬನಿಗೆ ಮೋಸಗಾರನೆಂಬ ಹೆಸರು ಬಂತು.

ಎಷ್ಟು ಎಸೆದರೆ ಸಾಕು?

ನಾಣ್ಯವನ್ನು ಹತ್ತು ಸಲ ಚಿಮ್ಮಿದರೆ ಸರಿಯಾಗಿ ಐದು ಸಲ ಸಿಂಹ ಬೀಳಬೇಕೆಂಬ ನಿಯಮವಿಲ್ಲ. ಏಳೂ ಬೀಳಬಹುದು, ಮೂರೂ ಬೀಳಬಹುದು. ಆದರೆ ಎಸೆತಗಳು ಹೆಚ್ಚಿದಂತೆಲ್ಲ ಪ್ರಮಾಣವು ಅರ್ಧದ ಸಮೀಪಕ್ಕೆ ಬರುತ್ತದೆ. ಇದನ್ನು ಸಾಧಿಸಿ ತೋರಿಸಿದವನು ಸ್ವಿಟ್ಜರ್‌ಲೆಂಡಿನ ಯಾಕೋಬ್ ಬೆರ್ನೂಲಿ. ಅವನ ಗ್ರಂಥ ಅವನು ತೀರಿಕೊಂಡ ಮೇಲೆ ೧೭೧೩ರಲ್ಲಿ ಅಚ್ಚಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಡೆನ್ಮಾರ್ಕಿನಲ್ಲಿ ಸೆರೆಯಾಗಿದ್ದ ಜಾನ್ ಕೆರಿಚ್ ಎಂಬ ಗಣಿತದ ಅಧ್ಯಾಪಕ ನಾಣ್ಯವನ್ನು ೧೦,೦೦೦ ಸಲ ಚಿಮ್ಮಿ ಬರೆದಿಟ್ಟ. ಒಂದು ಮುಖ ೫,೦೬೭ ಸಲ ಬಿದ್ದಿತ್ತು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನೂರು ಸಲ ಚಿಮ್ಮಿದರೆ ಸಿಂಹಗಳ ಸಂಖ್ಯೆ ಸಾಮಾನ್ಯವಾಗಿ ೪೦ ಮತ್ತು ೬೦ರ ನಡುವೆ ಇರುತ್ತದೆ. ಹತ್ತು ಸಾವಿರ ಸಲ ಚಿಮ್ಮಿದರೆ ೪,೯೦೦ ಮತ್ತು ೫,೧೦೦ರ ನಡುವೆ. ಐವತ್ತರಿಂದ ಹತ್ತರಷ್ಟು ಸರಿಯುತ್ತಿದ್ದುದು ಐದು ಸಾವಿರದಿಂದ ನೂರರಷ್ಟು ಸರಿಯಬಹುದಾಯಿತು, ವ್ಯತ್ಯಾಸ ಬೆಳೆಯಿತು. ಆದರೆ ಒಟ್ಟು ಎಸೆತಗಳಿಗೆ ಹೋಲಿಸಿದರೆ ಅದು ನೂರಕ್ಕೆ ಹತ್ತರಿಂದ ನೂರಕ್ಕೆ ಒಂದಕ್ಕೆ ಇಳಿಯಿತು. ನಾಣ್ಯವು ಹಿಂದಿನ ಬಾಕಿಯನ್ನು ತೀರಿಸುವುದಿಲ್ಲ. ಎಸೆತಗಳ ರಾಶಿಯಲ್ಲಿ ಆ ಬಾಕಿ ಮುಳುಗಿಹೋಗುತ್ತದೆ, ಅಷ್ಟೆ.

ನಾಣ್ಯಕ್ಕೆ ನೆನಪಿಲ್ಲ

ಈ ಮಾತನ್ನು ಮರೆತವರು ಪಡುವ ಸಂಕಟ ಅಷ್ಟಿಷ್ಟಲ್ಲ. ಮನೆಯೊಂದರಲ್ಲಿ ಸಾಲಾಗಿ ಮೂರು ಹೆಣ್ಣುಮಕ್ಕಳು ಹುಟ್ಟಿದರೆ, “ಈ ಸಲ ಗಂಡೇ ಆಗಬೇಕು” ಎನ್ನುವ ಹಿರಿಯರನ್ನು ನಾವೆಲ್ಲರೂ ಕಂಡಿದ್ದೇವೆ. ನಾಲ್ಕನೆಯದೂ ಹೆಣ್ಣಾದರೆ ನಿಂದೆಯೆಲ್ಲ ತಾಯಿಯ ತಲೆಯ ಮೇಲೆ. ಗಂಡು ಹುಟ್ಟುವ ಸಂಭವನೀಯತೆ ಅರ್ಧಕ್ಕಿಂತ ತುಸುವೇ ಹೆಚ್ಚು. ಸ್ವಾಭಾವಿಕವಾಗಿ ನೂರು ಹೆಣ್ಣು ಶಿಶುಗಳಿಗೆ ಸುಮಾರು ನೂರೈದು ಗಂಡು ಶಿಶುಗಳು ಹುಟ್ಟುತ್ತವೆ. ಲೆಕ್ಕದ ಸೌಕರ್ಯಕ್ಕಾಗಿ ಅರ್ಧವೆಂದೇ ಇಟ್ಟುಕೊಂಡರೆ, ನಾಲ್ಕು ಮಕ್ಕಳಿರುವ ಹದಿನಾರು ಮನೆಗಳಲ್ಲಿ ಒಂದರಲ್ಲಿ ನಾಲ್ಕೂ ಹೆಣ್ಣಾಗುವುದು ನಿರೀಕ್ಷಿತವೇ. ಅಂಥ ೧,೬೦೦ ಮನೆಗಳಿದ್ದರೆ ನೂರರಷ್ಟು ಮನೆಗಳಲ್ಲಿ ಯಾರ ದೋಷವೂ ಇಲ್ಲದೆ, ಯಾರ ಶಾಪವೂ ಇಲ್ಲದೆ ಹೆಣ್ಣುಮಕ್ಕಳೇ ಇರುತ್ತಾರೆ. ಅಲ್ಲದೆ ಶಿಶುವಿನ ಲಿಂಗವನ್ನು ನಿರ್ಧರಿಸುವ ವರ್ಣತಂತು ಬರುವುದು ತಂದೆಯ ವೀರ್ಯಾಣುವಿನಿಂದ, ತಾಯಿಯಿಂದಲ್ಲ. ಮೂರು ಹೆಣ್ಣುಗಳ ಅನಂತರ ನಾಲ್ಕನೆಯ ಶಿಶುವಿನ ಪ್ರಶ್ನೆ ಮೊದಲನೆಯದರ ಪ್ರಶ್ನೆಯಂತೆಯೇ ಹೊಸದು.

ಇದೇ ಮರೆವಿನ ಮೇಲೆ ಮಟ್ಕಾ ಜೂಜು ಬದುಕುತ್ತದೆ. ಅದು ಕಾನೂನಿಗೆ ವಿರುದ್ಧ; ಆದರೂ ದಿನಗೂಲಿಯ ಹಣ ಅಲ್ಲಿಗೆ ಹರಿಯುವುದು ನಿಂತಿಲ್ಲ. ಸೊನ್ನೆ ಸೊನ್ನೆಯಿಂದ ತೊಂಬತ್ತೊಂಬತ್ತರವರೆಗಿನ ನೂರು ಸಂಖ್ಯೆಗಳಲ್ಲಿ ಒಂದರ ಮೇಲೆ ಹಣ ಕಟ್ಟುವುದು. ಬಂದರೆ ಒಂದು ರೂಪಾಯಿಗೆ ಎಂಬತ್ತು ರೂಪಾಯಿ ಎಂಬ ಆಸೆ. ದಿನಕ್ಕೆ ಹತ್ತು ರೂಪಾಯಿಯಂತೆ ಮುನ್ನೂರು ದಿನ ಕಟ್ಟಿದವನ ಲೆಕ್ಕ ಹಾಕೋಣ. ಕೈಯಿಂದ ಹೋದದ್ದು ೩,೦೦೦ ರೂಪಾಯಿ. ಗೆಲ್ಲುವ ಸಂಭವನೀಯತೆ ೧/೧೦೦ ಆದ್ದರಿಂದ ಸರಾಸರಿ ಮೂರು ಸಲ ಗೆಲ್ಲಬಹುದು, ಬಂದದ್ದು ೨,೪೦೦. ನಷ್ಟ ೬೦೦. ಇದು ಸರಾಸರಿಯ ಮಾತು. ಮುನ್ನೂರು ದಿನವೂ ಒಮ್ಮೆಯೂ ಗೆಲ್ಲದವರು ನೂರರಲ್ಲಿ ಸುಮಾರು ಐದು ಮಂದಿ. ಕಟ್ಟಿಸಿಕೊಳ್ಳುವವನಿಗಾದರೋ ಸಾವಿರಾರು ಜನರ ಹಣ ದಿನವೂ ಬರುತ್ತದೆ. ಬೆರ್ನೂಲಿಯ ನಿಯಮ ಅವನ ಪರವಾಗಿ ದುಡಿಯುತ್ತದೆ. “ಈ ನಂಬರು ನೂರು ದಿನದಿಂದ ಬಂದಿಲ್ಲ, ಇನ್ನು ಬರಲೇಬೇಕು” ಎಂದು ಸಾಲ ಮಾಡಿ ಕಟ್ಟುವವನಿಗೆ ತಿಳಿಯದ ವಿಷಯವೆಂದರೆ, ಗೊತ್ತಾದ ಒಂದು ಸಂಖ್ಯೆ ನೂರು ದಿನ ಬಾರದಿರುವ ಸಂಭವನೀಯತೆಯೇ ಸುಮಾರು ೦.೩೭. ಮತ್ತು ನೂರೊಂದನೆಯ ದಿನವೂ ಅದು ಬರುವ ಸಂಭವನೀಯತೆ ಹಿಂದಿನಂತೆಯೇ ನೂರರಲ್ಲಿ ಒಂದು. ಇದು ಸಂಖ್ಯೆಯನ್ನು ಪ್ರಾಮಾಣಿಕವಾಗಿ ತೆಗೆಯುತ್ತಾರೆಂದು ನಂಬಿ ಮಾಡಿದ ಲೆಕ್ಕ. ಆ ನಂಬಿಕೆಗೆ ಆಧಾರವೇನೂ ಇಲ್ಲ.

ಮಾನ್ವಿಯ ಬಿತ್ತನೆ

ಜೂಜನ್ನು ಬಿಡಬಹುದು, ಒಕ್ಕಲುತನವನ್ನು ಬಿಡುವಂತಿಲ್ಲ. ಮಾನ್ವಿ ತಾಲ್ಲೂಕಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮುಟ್ಟುವ ಊರುಗಳಲ್ಲಿ ಭತ್ತ ಬೆಳೆಯುತ್ತಾರೆ. ನೀರು ಮುಟ್ಟದ ಹೊಲಗಳಲ್ಲಿ ತೊಗರಿ, ಸಜ್ಜೆ, ಹತ್ತಿಗಳು ಮಳೆಯನ್ನೇ ನಂಬಿ ನಿಂತಿವೆ. ಮುಂಗಾರಿನ ಮೊದಲ ಹದ ಮಳೆ ಬಿದ್ದಿತು. ಕೂಡಲೇ ಬಿತ್ತಬೇಕೆ, ಇನ್ನೊಂದು ಮಳೆಗೆ ಕಾಯಬೇಕೆ? ಬಿತ್ತಿದ ಮೇಲೆ ಎರಡು ವಾರ ಮಳೆ ಬಾರದಿದ್ದರೆ ಮೊಳಕೆ ಒಣಗಿ ಬೀಜದ ಹಣ ಹೋಯಿತು. ಕಾದರೆ ಹಂಗಾಮು ಹಿಂದೆ ಬಿದ್ದು ಇಳುವರಿ ಕಡಮೆಯಾಯಿತು.

ಲೆಕ್ಕವನ್ನು ತೋರಿಸುವುದಕ್ಕಾಗಿ ಕೆಲವು ಅಂಕಿಗಳನ್ನು ಊಹಿಸಿಕೊಳ್ಳೋಣ. ಊರಿನ ಮಳೆಯ ಮೂವತ್ತು ವರ್ಷಗಳ ದಾಖಲೆಯಲ್ಲಿ, ಮೊದಲ ಹದ ಮಳೆಯಾದ ಎರಡು ವಾರಗಳೊಳಗೆ ಮತ್ತೆ ಮಳೆಯಾದದ್ದು ೧೮ ವರ್ಷ. ಆಗ ಸಂಭವನೀಯತೆ ೧೮/೩೦, ಎಂದರೆ ೩/೫. ಬೇಗ ಬಿತ್ತಿ ಮಳೆ ಬಂದರೆ ಎಕರೆಗೆ ೫,೦೦೦ ರೂಪಾಯಿ ಹೆಚ್ಚು ಸಿಗುತ್ತದೆ. ಬಾರದಿದ್ದರೆ ೪,೦೦೦ ರೂಪಾಯಿ ಹಾನಿ. ೫,೦೦೦ದ ಮೂರೈದನೆಯ ಪಾಲು ೩,೦೦೦. ೪,೦೦೦ದ ಎರಡೈದನೆಯ ಪಾಲು ೧,೬೦೦. ಸರಾಸರಿಯಲ್ಲಿ ೧,೪೦೦ ರೂಪಾಯಿ ಲಾಭ. ಆದ್ದರಿಂದ ಬೇಗ ಬಿತ್ತುವುದೇ ಮೇಲೆಂದು ಪುಸ್ತಕದ ಪಂಡಿತ ಹೇಳಿಯಾನು.

ಆದರೆ ಸರಾಸರಿಯು ಹಲವು ವರ್ಷಗಳ ಮೇಲೆ ಹರಡಿದ ಮಾತು. ಎರಡು ವರ್ಷ ಒಂದರ ಹಿಂದೆ ಒಂದು ಮಳೆ ಕೈಕೊಡುವ ಸಂಭವನೀಯತೆ ೨/೫ × ೨/೫ = ೪/೨೫; ಸುಮಾರು ಆರರಲ್ಲಿ ಒಂದು. ಇಪ್ಪತ್ತು ಎಕರೆಯ ಒಡೆಯ ಆ ಎರಡು ವರ್ಷಗಳನ್ನು ತಾಳಿಕೊಂಡು ಮೂರನೆಯ ವರ್ಷದ ಲಾಭಕ್ಕೆ ಕಾಯಬಲ್ಲ. ಎರಡು ಎಕರೆಯವನು ಸಾಲಕ್ಕೆ ಹೊಲವನ್ನು ಕಳೆದುಕೊಂಡು ಬೆಂಗಳೂರಿಗೆ ಕೂಲಿಗೆ ಹೋಗಬೇಕಾದೀತು. ಅವನ ಪಾಲಿಗೆ ಆ ಮೂರನೆಯ ವರ್ಷವೇ ಇಲ್ಲ. ಕಾದು ನೋಡುವ ಸಣ್ಣ ಒಕ್ಕಲಿಗನನ್ನು ಅಂಜುಬುರುಕನೆನ್ನುವುದು ತಪ್ಪು. ಅವನು ಲೆಕ್ಕವನ್ನು ಬಾಯಲ್ಲಿ ಹೇಳಲಾರ, ಆದರೆ ಅದನ್ನು ಬಲ್ಲ. ಹೊಲದಲ್ಲಿ ಒಂದೇ ಬೆಳೆಯಿಡದೆ ತೊಗರಿಯ ಸಾಲುಗಳ ನಡುವೆ ಸಜ್ಜೆ ಹಾಕುವ ಪದ್ಧತಿಯ ಹಿಂದಿರುವ ವಿವೇಕವೂ ಇದೇ: ಎರಡೂ ಒಟ್ಟಿಗೆ ಕೈಕೊಡುವುದು ಒಂದು ಕೈಕೊಡುವುದಕ್ಕಿಂತ ವಿರಳ. ಬೆಳೆವಿಮೆಯಾದರೋ ಸಾವಿರಾರು ಜನರ ಹೊಲಗಳನ್ನು ಒಟ್ಟುಗೂಡಿಸಿ, ಸರಾಸರಿಯ ಪ್ರಯೋಜನವನ್ನು ಒಬ್ಬೊಬ್ಬನಿಗೂ ಮುಟ್ಟಿಸುವ ಉಪಾಯ.

ದೇವದುರ್ಗದ ಹೊಳೆ

ದೇವದುರ್ಗ ತಾಲ್ಲೂಕಿನ ಉತ್ತರದ ಅಂಚಿನಲ್ಲಿ ಕೃಷ್ಣೆ ಹರಿಯುತ್ತಾಳೆ. ನಾರಾಯಣಪುರದ ಬಸವಸಾಗರ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಹೂವಿನಹೆಡಗಿಯ ಸೇತುವೆ ಮುಳುಗಿ ದಾರಿ ಕಡಿಯುವುದು ಆ ಕಡೆಯವರಿಗೆ ಪರಿಚಿತವಾದ ಸಂಗತಿ. ಹೊಳೆಯ ದಂಡೆಯ ಹಿರಿಯರೊಬ್ಬರು ನಮಗೆ ಹೇಳಿದ್ದರು: “ನೂರು ವರ್ಷಕ್ಕೊಮ್ಮೆ ಬರೂ ಹೊಳಿ ಬಂದು ಹೋತ್ರೀ. ಇನ್ನ ಮೊಮ್ಮಕ್ಕಳ ಕಾಲಕ್ಕೂ ಚಿಂತಿಲ್ಲ.”

ಅಭಿಯಂತರರು ‘ನೂರು ವರ್ಷಕ್ಕೊಮ್ಮೆಯ ನೆರೆ’ ಎಂಬ ಮಾತನ್ನು ಬಳಸುವುದುಂಟು. ಅದರ ಅರ್ಥ ನೂರು ವರ್ಷಗಳ ಬಿಡುವು ಎಂದಲ್ಲ. ಯಾವುದೇ ಒಂದು ವರ್ಷದಲ್ಲಿ ಅಷ್ಟು ದೊಡ್ಡ ನೆರೆ ಬರುವ ಸಂಭವನೀಯತೆ ೧/೧೦೦ ಎಂದು. ಈ ವರ್ಷ ಬಂದಿತೆಂದ ಮಾತ್ರಕ್ಕೆ ಬರುವ ವರ್ಷದ ಸಂಭವನೀಯತೆ ತಗ್ಗದು. ಹೊಳೆಯ ದಂಡೆಯಲ್ಲಿ ಮನೆ ಕಟ್ಟಿ ಮೂವತ್ತು ವರ್ಷ ಬಾಳುವವನ ಲೆಕ್ಕ ನೋಡಿ. ಒಂದು ವರ್ಷ ನೆರೆ ಬಾರದಿರುವ ಸಂಭವನೀಯತೆ ೦.೯೯; ಅದನ್ನು ಮೂವತ್ತು ಸಲ ಗುಣಿಸಿದರೆ ೦.೭೪. ಎಂದರೆ ಮೂವತ್ತು ವರ್ಷಗಳಲ್ಲಿ ಒಮ್ಮೆಯಾದರೂ ಬರುವ ಸಂಭವನೀಯತೆ ೦.೨೬, ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು. ‘ಇಪ್ಪತ್ತೈದು ವರ್ಷಕ್ಕೊಮ್ಮೆಯ’ ನೆರೆಯಾದರೆ ೦.೭೧. ನೂರು ವರ್ಷ ಕಾದರೂ ನೂರು ವರ್ಷಕ್ಕೊಮ್ಮೆಯ ನೆರೆ ಬಂದೇ ತೀರುವುದೆಂದಿಲ್ಲ; ಅದರ ಸಂಭವನೀಯತೆ ೦.೬೩ ಮಾತ್ರ.

ರಾಯಚೂರು ಜಿಲ್ಲೆ ೨೦೦೯ರಲ್ಲಿ ದೊಡ್ಡ ನೆರೆಯನ್ನು ಕಂಡಿತು. ೨೦೧೯ರಲ್ಲಿ ಕೃಷ್ಣೆ ಮತ್ತೆ ದಂಡೆ ಮೀರಿದಳು. “ಹಾಗಾದರೆ ಹತ್ತು ವರ್ಷಕ್ಕೊಮ್ಮೆ ನೆರೆ” ಎಂದು ನಿರ್ಣಯಿಸುವುದೂ ಅವಸರವೇ. ಎರಡು ಎಸೆತಗಳನ್ನು ನೋಡಿ ಕವಡೆಯ ಸ್ವಭಾವವನ್ನು ಹೇಳಿದಂತಾದೀತು. ಇವೆರಡರ ಕಾರಣಗಳೂ ಬೇರೆ. ೨೦೦೯ರ ಸೆಪ್ಟೆಂಬರಿನ ಕೊನೆ ಮತ್ತು ಅಕ್ಟೋಬರಿನ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದ ಮೇಲೆಯೇ ಭಾರಿ ಮಳೆ ಸುರಿದು ಕೃಷ್ಣೆ, ತುಂಗಭದ್ರೆಗಳೆರಡೂ ಉಕ್ಕಿದವು. ತುಂಗಭದ್ರೆಯ ಆಚೆ ದಂಡೆಯ ಮಂತ್ರಾಲಯವೂ ನೀರಿನಲ್ಲಿ ನಿಂತಿತು. ೨೦೧೯ರ ಆಗಸ್ಟಿನಲ್ಲಿ ನೀರು ಬಂದದ್ದು ದೂರದ ಸಹ್ಯಾದ್ರಿಯ ಮಳೆಯಿಂದ, ಅಣೆಕಟ್ಟುಗಳ ಬಾಗಿಲುಗಳ ಮೂಲಕ. ನಾಣ್ಯದ ಎಸೆತಗಳಂತೆ ಎಲ್ಲ ವರ್ಷಗಳೂ ಒಂದೇ ಅಚ್ಚಿನವಲ್ಲ. ಅಣೆಕಟ್ಟುಗಳೂ ಬದಲಾಗುತ್ತಿರುವ ಹವಾಮಾನವೂ ಹಳೆಯ ಅಂಕಿಗಳನ್ನು ಮತ್ತೆ ಮತ್ತೆ ತಿದ್ದುವಂತೆ ಮಾಡುತ್ತವೆ. ಆದಕಾರಣವೇ ದೀರ್ಘಕಾಲದ ದಾಖಲೆ ಬೇಕು.

ನೆರೆಯ ವಿಷಯದಲ್ಲಿ ದಾಖಲೆಯ ಬೆಲೆಯನ್ನು ನಮ್ಮ ದೇಶಕ್ಕೆ ತೋರಿಸಿದವರಲ್ಲಿ ಪ್ರಶಾಂತಚಂದ್ರ ಮಹಲನಬೀಸರು ಮೊದಲಿಗರು. ೧೯೨೨ರ ಉತ್ತರ ಬಂಗಾಳದ ನೆರೆಯ ಅನಂತರ ಅವರು ಹಲವು ವರ್ಷಗಳ ಮಳೆಯ ಅಂಕಿಗಳನ್ನು ಪರಿಶೀಲಿಸಿ, ಆಗ ಸೂಚಿತವಾಗಿದ್ದ ದುಬಾರಿ ಕಾಮಗಾರಿಯಿಂದ ಪ್ರಯೋಜನವಾಗದೆಂದು ತಿಳಿಸಿದರು. ೧೯೩೧ರಲ್ಲಿ ಅವರು ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದರು. ಆ ಸಂಸ್ಥೆಯಲ್ಲಿ ಬೆಳೆದು ಲೋಕಪ್ರಸಿದ್ಧರಾದ ಸಿ. ಆರ್. ರಾವ್ ಅವರು ಹುಟ್ಟಿದ್ದು ೧೯೨೦ರಲ್ಲಿ, ಹೂವಿನಹಡಗಲಿಯಲ್ಲಿ. ಮಾನ್ವಿಯ ಕಡೆಗೆ ಹರಿದುಬರುವ ತುಂಗಭದ್ರೆಯೇ ಮೇಲೆ ಆ ಹಡಗಲಿಯ ಸೀಮೆಯನ್ನೂ ಹಾದು ಬರುತ್ತಾಳೆ. ೨೦೨೩ರಲ್ಲಿ, ನೂರೆರಡು ವರ್ಷ ದಾಟಿದ ವಯಸ್ಸಿನಲ್ಲಿ, ಅವರಿಗೆ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಸಂದಿತು. ಅದೇ ವರ್ಷ ಅವರು ತೀರಿಕೊಂಡರು.

ಓದುಗರು ಮಾಡಿ ನೋಡಬಹುದಾದ ಕೆಲಸಗಳನ್ನು ಹೇಳಿ ಲೇಖನವನ್ನು ಮುಗಿಸುತ್ತೇವೆ. ನಾಲ್ಕು ಕವಡೆಗಳನ್ನೋ ಹುಣಸೆಬೀಜಗಳನ್ನೋ ತೆಗೆದುಕೊಂಡು ಒಂದೊಂದನ್ನೂ ನೂರು ಸಲ ಎಸೆದು ಬರೆದಿಡಿ. ಅದರಿಂದ ಐದು ಗರಗಳ ಸಂಭವನೀಯತೆಗಳನ್ನು ಲೆಕ್ಕ ಹಾಕಿ. ಅನಂತರ ನಾಲ್ಕನ್ನೂ ಒಟ್ಟಿಗೆ ಇನ್ನೂರು ಸಲ ಎಸೆದು, ಲೆಕ್ಕಕ್ಕೂ ಆಟಕ್ಕೂ ಎಷ್ಟು ಹೊಂದುತ್ತದೆಂದು ನೋಡಿ. ಶಾಲೆಯ ಅಂಗಳದಲ್ಲಿ ಮಳೆಮಾಪಕವೊಂದನ್ನಿಟ್ಟು ಪ್ರತಿದಿನ ಬೆಳಗ್ಗೆ ಒಂದೇ ವೇಳೆಗೆ ಅಳೆದು ದಾಖಲಿಸಿ. ೨.೫ ಮಿಲಿಮೀಟರು ಅಥವಾ ಅದಕ್ಕಿಂತ ಹೆಚ್ಚು ಮಳೆಯಾದ ದಿನವನ್ನು ಹವಾಮಾನ ಇಲಾಖೆ ಮಳೆಯ ದಿನವೆಂದು ಎಣಿಸುತ್ತದೆ. ನೀವೂ ಹಾಗೆಯೇ ಎಣಿಸಿ. ಒಂದು ತರಗತಿಯವರು ಮುಂದಿನ ತರಗತಿಯವರಿಗೆ ಆ ಪುಸ್ತಕವನ್ನು ಒಪ್ಪಿಸಿ ಹೋದರೆ, ಹತ್ತಿಪ್ಪತ್ತು ವರ್ಷಗಳಲ್ಲಿ ಅದು ಊರಿನ ಒಕ್ಕಲಿಗರಿಗೆ ಬೆಲೆಬಾಳುವ ಆಸ್ತಿಯಾಗುತ್ತದೆ.

ನಾಳೆ ಏನಾಗುವುದೆಂದು ಸಂಭವನೀಯತೆಯ ಗಣಿತ ಹೇಳಲಾರದು. ಯಾವುದನ್ನು ಎಷ್ಟರಮಟ್ಟಿಗೆ ನಂಬಬಹುದು, ಯಾವ ನಷ್ಟವನ್ನು ನಾವು ತಾಳಬಲ್ಲೆವು, ಯಾರ ಮೇಲೆ ತಪ್ಪು ಹೊರಿಸಬಾರದು ಎಂಬುದನ್ನು ಮಾತ್ರ ಹೇಳಬಲ್ಲದು. ರಾಯಚೂರಿನ ಆ ಓಣಿಯಲ್ಲಿ ನಾವು ಹದಿನಾರು ರೀತಿಗಳನ್ನು ಸೀಮೆಸುಣ್ಣದಿಂದ ನೆಲದ ಮೇಲೆ ಬರೆದು ತೋರಿಸಿದೆವು. ಹುಡುಗ ಎರಡು ಸಲ ಎಣಿಸಿ ನೋಡಿದ. ಕವಡೆಗಳನ್ನು ಎತ್ತಿ ದೊಡ್ಡವನ ಕೈಗೆ ಕೊಟ್ಟ. ಆಟ ಮತ್ತೆ ಮೊದಲಾಯಿತು.